ನನ್ನ ಮಡಿ ಕರೆಂಟಿನ ಗಾಡಿ

ಕಲಬುರಗಿಯಲ್ಲಿ ಯಾವುದಕ್ಕಾದರೂ ಕೊರತೆ ಇದ್ದೀತು, ಬಿಸಿಲಿಗಿಲ್ಲ. ಇಷ್ಟೊಂದು ಬಿಸಿಲನ್ನು ಪುಕ್ಕಟೆ ಪಡೆದೂ ಅದನ್ನು ಬೈಯುವುದಕ್ಕೆ ಮಾತ್ರ ಬಳಸುವ ಊರು ಇನ್ನೊಂದು ಇರಲಿಕ್ಕಿಲ್ಲ. ನಾನೂ ಅರ್ಧ ಆಯುಷ್ಯ ಬೈದುಕೊಂಡೇ ಬದುಕಿದವನು. ಆದರೆ ಹೋದ ವರ್ಷ ಒಂದು ದಿನ, ಬ್ರಹ್ಮಪುರದ ನಮ್ಮ ಮನೆಯ ಮಾಳಿಗೆಯ ಮೇಲೆ ಬರಿಗಾಲಲ್ಲಿ ನಿಂತು ಅಂಗಾಲು ಸುಟ್ಟುಕೊಂಡಾಗ ನನಗೆ ಜ್ಞಾನೋದಯವಾಯಿತು. ಈ ಬಿಸಿಲನ್ನು ಹಗಲೆಲ್ಲ ಹಿಡಿದು ಬ್ಯಾಟರಿಯಲ್ಲಿ ಕೂಡಿಟ್ಟು, ರಾತ್ರಿ ಆ ಬ್ಯಾಟರಿಯಿಂದ ಒಂದು ಕರೆಂಟಿನ ಕಾರಿಗೆ ಕುಡಿಸಿದರೆ ಹೇಗೆ!

ನಾನು ಕಾಲೇಜಿನಲ್ಲಿ ಕಲಿಸುವುದು ಇತಿಹಾಸ. ಈ ವಿಷಯದಲ್ಲೊಂದು ಅನುಕೂಲವಿದೆ. ತಪ್ಪು ಮಾಡಿದವರೆಲ್ಲ ಸತ್ತುಹೋಗಿರುತ್ತಾರೆ, ನಾವು ಏನು ಹೇಳಿದರೂ ಯಾರೂ ಎದ್ದು ಬಂದು ಜಗಳ ತೆಗೆಯುವುದಿಲ್ಲ. ಕರೆಂಟಿನ ವಿಷಯ ಹಾಗಲ್ಲವೆಂದು ನನಗೆ ಆಗ ಗೊತ್ತಿರಲಿಲ್ಲ.

ಬ್ಯಾಟರಿ ಯಾಕೆ ಬೇಕು ಎಂದು ನನ್ನ ಹೆಂಡತಿ ಸುವರ್ಣಾಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ವಿವರಿಸಿದೆ. ಸೂರ್ಯ ಹಗಲು ದುಡಿಯುತ್ತಾನೆ. ನಾವು ಕೊಳ್ಳಲಿರುವ ಕಾರೂ ಹಗಲು ಕಾಲೇಜಿಗೆ ಹೋಗಿರುತ್ತದೆ. ಇಬ್ಬರೂ ಮನೆಯಲ್ಲಿ ಒಟ್ಟಿಗೆ ಸಿಗುವುದೇ ಇಲ್ಲ. ಆದ್ದರಿಂದ ನಡುವೆ ಒಬ್ಬ ಮಧ್ಯಸ್ಥ ಬೇಕು. ಆ ಮಧ್ಯಸ್ಥನೇ ಬ್ಯಾಟರಿ!

"ಎಲ್ಲಾ ಖರೇ. ನಾ ಶ್ಯಾಂಡಗಿ ಎಲ್ಲಿ ಒಣಗಿಸಲಿ?" ಎಂದಳು ಸುವರ್ಣಾ.

ಮಾಳಿಗೆಯ ತುಂಬ ಸೋಲಾರ್ ಹಲಗೆಗಳು ಬಂದು ಕೂತವು. ಆ ವರ್ಷ ನಮ್ಮ ಮನೆಯಲ್ಲಿ ಸಂಡಿಗೆ ಇಲ್ಲ, ಹಪ್ಪಳವಿಲ್ಲ. ಮೆಟ್ಟಿಲ ಕೆಳಗೆ ಬಿಳಿ ಬೀರುವಿನಂಥ ಬ್ಯಾಟರಿ ಬಂದು ನಿಂತಿತು. ಬಾಗಿಲಿಗೆ ಕಾರು ಬಂತು. ಶರಣಬಸವೇಶ್ವರ ಗುಡಿಯ ಮುಂದೆ ಅದಕ್ಕೆ ಕಾಯಿ ಒಡೆಸಿದ ಮೇಲೆ, ಕೇಳುವವರು ನಾಲ್ಕು ಜನ ಸುತ್ತ ಇದ್ದಾರೆಂಬ ಒಂದೇ ಕಾರಣಕ್ಕೆ, ನಾನೊಂದು ಪ್ರತಿಜ್ಞೆ ಮಾಡಿದೆ. ಈ ವಾಹನವು ಆಜನ್ಮಪರ್ಯಂತ ಸರ್ಕಾರಿ ಕರೆಂಟನ್ನು ಮುಟ್ಟತಕ್ಕದ್ದಲ್ಲ! ಸೂರ್ಯನದೇ ಅನ್ನ, ಸೂರ್ಯನದೇ ನೀರು!

ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಕಪನೂರಿನಿಂದ ಬಂದ ಫಿಟ್ಟರನಿಗೆ ಹೇಳಿ, ಕಾರಿನ ಪ್ಲಗ್ಗಿಗಿದ್ದ ಸರ್ಕಾರಿ ಲೈನಿನ ವೈರನ್ನು ಕೀಳಿಸಿಯೇಬಿಟ್ಟೆ. ಆತ, "ಇರ್ಲಿ ಬಿಡ್ರಿ ಸರ್, ಅಡಚಣಿಗಿ ಬೇಕಾಗ್ತದ" ಎಂದ. ನಾನು ನಕ್ಕೆ. ಅಡಚಣೆ ಎಂಬುದು ಸರ್ಕಾರಿ ಕರೆಂಟಿನವರಿಗೆ, ನನಗಲ್ಲ.

ಪಕ್ಕದ ಮನೆಯ ರಶೀದ್ ಭಾಯಿ ಇದನ್ನೆಲ್ಲ ನೋಡುತ್ತ ನಿಂತಿದ್ದರು. ಅವರದೊಂದು ಹಳೆಯ ಡೀಸೆಲ್ ಟೆಂಪೊ. ಕಪನೂರಿನ ದಾಲ್ ಮಿಲ್ಲುಗಳಿಂದ ತೊಗರಿಬೇಳೆಯ ಚೀಲ ಹೇರುವ ಕೆಲಸ. ಟೆಂಪೊ ಶುರುವಾದರೆ ಓಣಿಯ ಕೂಸುಗಳೆಲ್ಲ ಎದ್ದು ಅಳುತ್ತವೆ.

"ಸರ್, ಇನ್ನೊಬ್ಬರ ಕರೆಂಟ್ ಮುಟ್ಟಂಗಿಲ್ಲ ಅಂದ್ರ, ಇದು ಮಡಿ ಗಾಡಿ ಆಯ್ತಲ್ರಿ!" ಎಂದರು.

ಸಂಜೆಯ ಹೊತ್ತಿಗೆ ಓಣಿಗೆಲ್ಲ ಅದೇ ಹೆಸರು. ನನಗೆ ಒಳಗೊಳಗೇ ಖುಷಿಯೇ ಆಯಿತು.

ಈಗ ಕಾಕಾನ ವಿಷಯ ಹೇಳಬೇಕು. ಹೇಳಲು ಮನಸ್ಸಿಲ್ಲ, ಆದರೆ ಅವರಿಲ್ಲದೆ ಈ ಕತೆಯಿಲ್ಲ.

ಗುರುಲಿಂಗಪ್ಪ ಕಾಕಾ ಸುವರ್ಣಾಳ ಚಿಕ್ಕಪ್ಪ. ಅವಳು ಚಿಕ್ಕವಳಿದ್ದಾಗಲೇ ತಂದೆ ತೀರಿಕೊಂಡರು. ಕಮಲಾಪುರದಲ್ಲಿ ಅವಳನ್ನು ಸಾಕಿ ಬೆಳೆಸಿ, ಓದಿಸಿ, ನನ್ನಂಥವನಿಗೆ ಕೊಟ್ಟು ಮದುವೆ ಮಾಡಿದವರು ಇವರೇ. ವಯಸ್ಸಿನಲ್ಲಿದ್ದಾಗ ಲಾರಿ ಓಡಿಸುತ್ತಿದ್ದರು. ಕಮಲಾಪುರದ ಕೆಂಪು ಬಾಳೆಗೊನೆ ಹೇರಿಕೊಂಡು ಕಲಬುರಗಿ ಮಾರ್ಕೆಟ್ಟಿಗೆ ಬರುವುದು, ಇಲ್ಲಿಂದ ಹಿಂಡಿ, ಗೊಬ್ಬರ ತುಂಬಿಕೊಂಡು ಹೋಗುವುದು. ಎಂಜಿನ್ನಿನ ಪಕ್ಕದ ಸೀಟಿನಲ್ಲಿ ಎರಡು ಜಡೆಯ ಸುವರ್ಣಾ. ಆ ಲಾರಿಯ ಸದ್ದಿಗೆ ಕಾಕಾನ ಒಂದು ಕಿವಿ ಮಂದವಾಗಿತ್ತು. ಲಾರಿ ಮಾರಿದ ಮೇಲೆ ಊರಾಚೆಯ ತೋಟದಲ್ಲಿ ತಾವೇ ಬಾಳೆ ಹಾಕಿದರು.

ನಮ್ಮ ಕಾರು ಬರುವ ಹಿಂದಿನ ಚಳಿಗಾಲದಲ್ಲಿ ಅಂಗಳದಲ್ಲಿ ಜಾರಿಬಿದ್ದು ಸೊಂಟ ಮುರಿಯಿತು. ಕೋಲು ಹಿಡಿದು ಮನೆಯಿಂದ ಕಟ್ಟೆಯವರೆಗೆ ಬರುತ್ತಿದ್ದರು, ಅಷ್ಟೇ. ಬಸ್ಸು, ಟೆಂಪೊ, ಬೈಕು ಯಾವುದರಲ್ಲಿ ಕೂತರೂ ಒಂದು ಕುಲುಕಾಟಕ್ಕೆ ಜೀವ ಹೋದಂತಾಗುತ್ತಿತ್ತು. ಬಿದ್ದಾಗಿನಿಂದ ತೋಟ ನೋಡಿರಲಿಲ್ಲ. ಅಂಥವರ ಮಂದ ಕಿವಿಗೂ ನಮ್ಮ ಕಾರಿನ ಸುದ್ದಿ ಮುಟ್ಟಿತು. ಒಂದು ದಿನ ಫೋನು ಬಂತು.

"ಅಳಿಯ ಸಾಹೇಬ್ರ, ನಿಮ್ಮ ಗಾಡಿ ಸಪ್ಪಳ ಮಾಡಂಗಿಲ್ಲಂತ, ಖರೇ ಏನ್ರಿ?"

"ಖರೇ ಕಾಕಾ. ಸಪ್ಪಳಿಲ್ಲ, ಹೊಗಿ ಇಲ್ಲ, ಕುಲುಕಾಟ ಅಂತೂ ಇಲ್ಲೇ ಇಲ್ಲ!"

"ಹಂಗಾದ್ರ ಒಮ್ಮಿ ಬರ್ರಿ. ನನಗ ಕೂಡಿಸ್ಕೊಂಡು ತ್ವಾಟಕ್ಕ ಹೋಗಿ ಬರೂಣು. ಬಾಳಿ ಗೊನಿ ಬಿಟ್ಟಾವಂತ. ಒಂದ್ ಸಲ ಕಣ್ಣಿಲೆ ನೋಡಿಬಿಡ್ತೀನಿ."

"ಮುಂದಿನ ಐತಾರ ಬಂದ್ವಿ ಅಂತ ತಿಳ್ಕೋರಿ ಕಾಕಾ!"

ಇಷ್ಟು ಸಲೀಸಾಗಿ ನಾನು ಹಿಂದೆಂದೂ ಯಾರಿಗೂ ಮಾತು ಕೊಟ್ಟಿರಲಿಲ್ಲ.

ಆ ಐತವಾರ ಹೋಗಲಾಗಲಿಲ್ಲ. ಲೆಕ್ಕದಲ್ಲೊಂದು ಸಣ್ಣ ತೊಡಕಿತ್ತು. ಮೆಟ್ಟಿಲ ಕೆಳಗಿನ ಬ್ಯಾಟರಿ ಎಷ್ಟೇ ತುಂಬಿದರೂ ಕಾರಿನ ಮೂರನೆಯ ಒಂದು ಪಾಲಿಗೆ ಮಾತ್ರ ಸಾಲುತ್ತಿತ್ತು, ಅದೂ ದಿನದ ಓಡಾಟಕ್ಕೇ ಮುಗಿಯುತ್ತಿತ್ತು. ಅಂದರೆ ಕಾರು ಪೂರ್ತಿ ತುಂಬಲು ಮೂರು ದಿನದ ಬಿಸಿಲು ಬೇಕು, ಆ ಮೂರು ದಿನ ಕಾರು ಮನೆ ಬಿಟ್ಟು ಅಲುಗಾಡಬಾರದು. ಹೀಗಾಗಿ ಕಾರು ಕೊಂಡ ಮೇಲೆ ನಾನು ಆಟೊದಲ್ಲಿ ಕಾಲೇಜಿಗೆ ಹೋಗತೊಡಗಿದೆ! "ಗಾಡಿಗಿ ಉಪಾಸ ಐತೇನ್ರಿ ಸರ್?" ಎಂದು ಆಟೊದವ ಕೇಳಿದರೆ, ಊಟ ಮಾಡುತ್ತಿದೆ ಎಂದೆ.

ಮುಂದಿನ ವಾರ ದೂಳಿನ ಗಾಳಿ ಎದ್ದು ಹಲಗೆಗಳ ಮೇಲೆ ಮಣ್ಣು ಕೂತಿತು. ಹಳೆಯ ಧೋತರ ಹಿಡಿದು ಒಂದಿಡೀ ಮಧ್ಯಾಹ್ನ ಒರೆಸಿದೆ. ಹಲಗೆಗಳು ಹೊಳೆದವು, ನಾನು ಜ್ವರ ಬಂದು ಮಲಗಿದೆ. ಅದರ ಮುಂದಿನ ವಾರ ಮೋಡ. ಕಲಬುರಗಿಯಲ್ಲಿ ಬೇಸಿಗೆಯ ಮೋಡ! ಓಣಿಯವರೆಲ್ಲ ಹೊರಗೆ ಬಂದು ಆಕಾಶಕ್ಕೆ ಕೈ ಮುಗಿದರೆ, ನಾನೊಬ್ಬ ಅದನ್ನು ಶಪಿಸುತ್ತ ನಿಂತಿದ್ದೆ. ಪ್ರತಿ ಸಲವೂ ಕಾಕಾಗೆ ಫೋನು ಮಾಡಿ ಮುಂದಿನ ಐತವಾರ ಎನ್ನುತ್ತಿದ್ದೆ. ಅವರು, "ಇರ್ಲಿ ಬಿಡ್ರಿ, ಗೊನಿ ಎಲ್ಲಿ ಓಡಿಹೋಗ್ತಾವು" ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದರು.

ಸುವರ್ಣಾ ಒಮ್ಮೆ ನನ್ನ ಮುಂದೆ ಕೂತು ನಿಧಾನವಾಗಿ ಹೇಳಿದಳು.

"ಒಂದ್ ರಾತ್ರಿ ವೈರ ಜೋಡಸ್ರಿ. ಸರ್ಕಾರಿ ಕರೆಂಟ್ ಹಚ್ಚರಿ. ಗಾಡ್ಯಾಗ ಸೂರ್ಯಂದು ಅದನೋ ಸರ್ಕಾರದ್ದು ಅದನೋ, ಕಾಕಾಗ ಏನ್ ಗೊತ್ತಾಗ್ತದ?"

"ಕಾಕಾಗ ಗೊತ್ತಾಗಂಗಿಲ್ಲ. ನನಗ ಗೊತ್ತಾಗ್ತದ!"

ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ಬಿಸಿಲು ಏರಿದಂತೆ ಬ್ಯಾಟರಿಯೂ ಬಿಸಿಯಾಗತೊಡಗಿತು. ಮೈ ಮುಟ್ಟಿ ನೋಡಿದರೆ ಕಾಯಿಲೆಯ ಕೂಸಿನ ಹಣೆ! ಫಿಟ್ಟರನು ಕೂಡಿಸುವಾಗ, "ತಂಪಿನ ಜಾಗದಾಗ ಇಡ್ರಿ, ಗಾಳಿ ಆಡಲಿಕ್ಕಿ ಬಿಡ್ರಿ" ಎಂದಿದ್ದ. ನನ್ನ ತಲೆಯಲ್ಲಿ ಮೊದಲರ್ಧ ಮಾತ್ರ ಉಳಿದಿತ್ತು. ಮನೆಗಿದ್ದ ಒಂದೇ ಕೂಲರನ್ನು ಎಳೆದು ತಂದು ಬ್ಯಾಟರಿಯ ಎದುರು ನಿಲ್ಲಿಸಿದೆ.

"ಕೂಲರ್ ತಂದಿದ್ದು ಯಾರಿಗಿ?" ಎಂದಳು ಸುವರ್ಣಾ.

"ಅದಕ್ಕ ಜ್ವರ ಬಂದದ."

"ನನಗ ಬಂದ್ರ?"

ನಾನು ಕೂಲರಿನ ಟಾಕಿಗೆ ನೀರು ತುಂಬಿದೆ. ಅವಳು ಚಾಪೆ ದಿಂಬು ತೆಗೆದುಕೊಂಡು ಮಾಳಿಗೆಗೆ ಹೋಗಿ ಸೋಲಾರ್ ಹಲಗೆಗಳ ಸಂದಿಯಲ್ಲಿ ಮಲಗಿದಳು. ಕೂಲರು ಇಡೀ ರಾತ್ರಿ ಬ್ಯಾಟರಿಗೆ ಗಾಳಿ ಹಾಕಿತು. ಆದರೆ ಆ ಕೂಲರಿಗೆ ಕರೆಂಟು ಬರುತ್ತಿದ್ದುದು ಅದೇ ಬ್ಯಾಟರಿಯಿಂದ! ತನ್ನ ಮೈಯ ಶಕ್ತಿ ಹಾಕಿ ತನಗೇ ಬೀಸಿಕೊಳ್ಳುತ್ತ ಕೂತಿತ್ತು. ಮುಂಜಾನೆ ನೋಡಿದರೆ ತಂಪಾಗಿತ್ತು. ಖಾಲಿಯೂ ಆಗಿತ್ತು.

ಕರೆಂಟಿಲ್ಲದೆ ತಂಪು ಮಾಡುವ ಉಪಾಯ ನಮ್ಮ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಬೇಸಿಗೆ ಬಂತೆಂದರೆ ಪ್ರತಿ ಮನೆಯ ನೀರಿನ ಟಾಕಿಗೆ ಗೋಣಿತಟ್ಟು ಸುತ್ತಿ ನೀರು ಹೊಡೆಯುತ್ತೇವೆ. ಕುಡಿಯುವ ನೀರಿನ ಕೊಡಕ್ಕೂ ಅದೇ ತಟ್ಟು. ಹಾಗಿದ್ದ ಮೇಲೆ ಬ್ಯಾಟರಿ ಏನು ಪಾಪ ಮಾಡಿತ್ತು? ರಶೀದ್ ಭಾಯಿಯ ಹತ್ತಿರ ಬೇಳೆ ತುಂಬುತ್ತಿದ್ದ ಹಳೆಯ ಖಾಲಿ ಗೋಣಿಚೀಲ ಕೇಳಿದೆ. "ಯಾತಕ್ಕ ಸರ್?" ಎಂದರು. ವಿಜ್ಞಾನಕ್ಕೆ ಎಂದೆ. ಚೀಲಗಳನ್ನು ಬಿಚ್ಚಿ, ದಬ್ಬಣದಿಂದ ಹೊಲಿದು, ಬ್ಯಾಟರಿಗೆ ತಲೆಯಿಂದ ಕಾಲಿನವರೆಗೆ ಅಂಗಿ ತೊಡಿಸಿ, ಮೇಲಿಂದ ಚೆಂಬಿನಲ್ಲಿ ನೀರು ಹನಿಸಿದೆ. ಮೆಟ್ಟಿಲ ಕೆಳಗೆಲ್ಲ ತೊಗರಿಯ ವಾಸನೆ, ಹಿತವಾದ ತಂಪು. ಒಂದು ವಾರ ಎಲ್ಲವೂ ಸುಖವಾಗಿ ನಡೆಯಿತು. ನನ್ನ ಮೇಲೆ ನನಗೇ ಗೌರವ ಹೆಚ್ಚಾಯಿತು.

ಆ ವಾರ ಪರೀಕ್ಷೆಯ ಕೆಲಸ, ಆಟೊ ನೆಚ್ಚಿ ಕೂತರೆ ಆಗುವಂತಿರಲಿಲ್ಲ. ಓಡಾಡಿ ಓಡಾಡಿ ಕಾರು ತಳ ಕಂಡಿತ್ತು. ಆದರೆ ಶನಿವಾರ ಸಂಜೆ ತಟ್ಟು ಸರಿಸಿ ನೋಡಿದರೆ ಬ್ಯಾಟರಿಯಲ್ಲಿ ಹಸಿರು ದೀಪ, ಪೂರ್ತಿ ತುಂಬಿದೆ! ಅದನ್ನೆಲ್ಲ ಕಾರಿಗೆ ಇಳಿಸಿದರೆ ಕಮಲಾಪುರ, ಅಲ್ಲಿಂದ ತೋಟ, ಮತ್ತೆ ಮನೆ. ಧಾರಾಳ! ಕಾಕಾಗೆ ಫೋನು ಹಚ್ಚಿದೆ.

"ಕಾಕಾ, ನಾಳಿ ಮುಂಜಾನಿ ಬರ್ತೀವಿ. ಈ ಸಲ ಪಕ್ಕಾ!"

"ಬರ್ರಿ ಬರ್ರಿ. ಬಿಳಿ ಅಂಗಿ ಇಸ್ತ್ರಿ ಮಾಡಸಿ ಇಡ್ತೀನಿ" ಎಂದರು. ದನಿಯಲ್ಲಿ ಮದುವೆಗೆ ಹೊರಟವರ ಉಮೇದಿಯಿತ್ತು.

ಕಾರಿಗೆ ಪ್ಲಗ್ಗು ಸಿಕ್ಕಿಸಿದೆ. ಇಂಥ ಮಹತ್ವದ ರಾತ್ರಿ ಬ್ಯಾಟರಿ ದಣಿಯಬಾರದೆಂದು, ಒಂದು ಚೆಂಬು ಹನಿಸುವ ಕಡೆ ಒಂದು ಬಕೆಟ್ ನೀರು ಸುರಿದೆ. ತಟ್ಟನ್ನು ಅಂಚಿನವರೆಗೆ ಎಳೆದು ಮುಚ್ಚಿದೆ. ನೆಮ್ಮದಿಯಿಂದ ಮಲಗಿದೆ.

ಮುಂಜಾನೆ ನಾವು ಹೊರಡುವ ತಯಾರಿಯಲ್ಲಿದ್ದಾಗ ಫೋನು ಬಂತು. ಚಿಗವ್ವನದು, ಅಂದರೆ ಕಾಕಾನ ಹೆಂಡತಿಯದು. ಸುವರ್ಣಾ ಫೋನು ಕಿವಿಗಿಟ್ಟುಕೊಂಡು ಹಾಗೇ ನಿಂತಳು. ಕಾಕಾ ನಸುಕಿನಲ್ಲೇ ಎದ್ದು, ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಬಿಳಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಬಂದು ಕೂತಿದ್ದರಂತೆ. ಚಹಾ ಕುಡಿದು ಕಪ್ಪು ಪಕ್ಕಕ್ಕಿಟ್ಟವರು, ಕೂತಲ್ಲೇ ಹೋಗಿಬಿಟ್ಟಿದ್ದರು.

"ಶರಣಬಸಪ್ಪಾ!" ಎಂದು ಗುಡಿಯ ದೇವರನ್ನು ಕೂಗಿ ಸುವರ್ಣಾ ನೆಲದ ಮೇಲೆ ಕುಸಿದಳು.

ನಾನು ಕಾರಿನ ಕಡೆ ಓಡಿದೆ. ಕಾರು ನಿನ್ನೆ ಸಂಜೆ ಎಷ್ಟಿತ್ತೋ ಅಷ್ಟೇ ಇತ್ತು. ಒಂದು ಹನಿ ಹೆಚ್ಚಿಗೆ ಕುಡಿದಿರಲಿಲ್ಲ. ಮೆಟ್ಟಿಲ ಕೆಳಗೆ ಬಂದು ತಟ್ಟು ಕಿತ್ತೆಸೆದೆ. ಬ್ಯಾಟರಿಯಲ್ಲಿ ಕೆಂಪು ದೀಪ! ನೀರು ಒಳಗಿಳಿದು, ಗಾಳಿಯ ಕಿಂಡಿಗಳೆಲ್ಲ ಒದ್ದೆ ಗೋಣಿಯಲ್ಲಿ ಮುಚ್ಚಿಹೋಗಿ, ನಾನು ಬಕೆಟ್ ಸುರಿದ ಸ್ವಲ್ಪ ಹೊತ್ತಿಗೇ ಅದು ತನ್ನ ಬಾಗಿಲು ಹಾಕಿಕೊಂಡಿತ್ತು. ಆ ಕೆಂಪು ದೀಪ ಪಾಪ, ರಾತ್ರಿಯಿಡೀ ಕೂಗಿಕೊಂಡಿದೆ. ಅದನ್ನು ಮುಚ್ಚಿ ಮಲಗಿಸಿದವನು ನಾನೇ.

ನನ್ನ ಮುಖ ನೋಡಿಯೇ ಸುವರ್ಣಾಗೆ ಗೊತ್ತಾಯಿತು. "ಬಸ್ಸಿಗಿ ಹೋಗೂಣು ನಡೀರಿ" ಎಂದಳು. ಸದ್ದು ಕೇಳಿ ಬಂದ ರಶೀದ್ ಭಾಯಿ, "ಟೆಂಪೊ ತೆಗೀತೀನಿ ಭಾಬಿ, ಹತ್ತರಿ" ಎಂದರು.

ಇಲ್ಲಿ ನನ್ನ ಬುದ್ಧಿ ಕೊನೆಯ ಸಲ ಕೈಕೊಟ್ಟಿತು. ಕಾರಿನ ಪರದೆ, ಕಮಲಾಪುರ ಮುಟ್ಟುವಷ್ಟು ಕರೆಂಟಿದೆ ಎಂದು ತೋರಿಸುತ್ತಿತ್ತು. ಮುಟ್ಟುವಷ್ಟೇ, ಮೇಲೊಂದು ಚಮಚವೂ ಇಲ್ಲ. ಆದರೆ ಆ ಮನುಷ್ಯ ಇಷ್ಟು ದಿನ ಈ ಕಾರಿನ ದಾರಿ ಕಾದಿದ್ದರು. ಬದುಕಿದ್ದಾಗ ಮುಟ್ಟಿಸಲಾಗಲಿಲ್ಲ, ಇವತ್ತಾದರೂ ಅವರ ಬಾಗಿಲಿಗೆ ಇದೇ ಕಾರು ಹೋಗಲಿ ಎನ್ನಿಸಿತು. ನನಗೆ ಅಳು ಬಂದಿತ್ತು. ಅಳುವಾಗ ಮಾಡಿದ ಲೆಕ್ಕ ಸರಿಬಂದದ್ದನ್ನು ನಾನು ಯಾವ ರಾಜನ ಇತಿಹಾಸದಲ್ಲೂ ಓದಿಲ್ಲ.

ಎಸಿ ಹಾಕಲಿಲ್ಲ. ಜೋರಾಗಿ ಓಡಿಸಲಿಲ್ಲ. ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ಹೋದ. ಏರು ಬಂದಾಗಲೆಲ್ಲ ಪರದೆಯ ಮೇಲಿನ ಅಂಕಿ ಧಡಧಡನೆ ಇಳಿಯುತ್ತಿತ್ತು. ನಡುವೆ ಮತ್ತೆ ಚಿಗವ್ವನ ಫೋನು.

"ಎಲ್ಲಿದ್ದೀರವ್ವಾ? ಬಿಸಿಲು ಏರಾಕತ್ತದ. ಭಾಳೊತ್ತು ಇಡಾಕ ಬರಂಗಿಲ್ಲ ಅಂತ ಎಲ್ಲಾರೂ ಗಡಿಬಿಡಿ ಮಾಡಾಕತ್ತಾರ. ಲಗೂ ಬರ್ರಿ."

"ಬಂದ್ವಿ ಚಿಗವ್ವಾ. ಕಾಕಾನ ಮಾರಿ ಒಮ್ಮಿ ನೋಡ್ತೀನಿ. ಅಲ್ಲೀತನಕ ಮಣ್ಣು ಕೊಡಬ್ಯಾಡ್ರಿ" ಎಂದು ಸುವರ್ಣಾ ಬೇಡಿಕೊಂಡಳು.

ಕಮಲಾಪುರ ಇನ್ನೇನು ಬಂತು ಎನ್ನುವಾಗ ಕಾರು ನಿಂತಿತು. ಸದ್ದಿಲ್ಲದೆ ನಿಂತಿತು. ಅದು ಯಾವುದನ್ನೂ ಸದ್ದು ಮಾಡಿ ಮಾಡುವುದಿಲ್ಲ.

ಹಿಂದಿನಿಂದ ಸರ್ಕಾರಿ ಬಸ್ಸು ಬರುತ್ತಿತ್ತು. ಸುವರ್ಣಾ ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದಳು. ಬಸ್ಸು ನಿಂತಿತು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ಬರ್ತೀರೇನು?"

"ಗಾಡಿ... ರಸ್ತೆ ಮ್ಯಾಲೆ ಬಿಟ್ಟು ಹೆಂಗ..."

"ಗಾಡಿ ಕಾಯ್ರಿ" ಎಂದಳು. ಬಸ್ಸು ಹೋಯಿತು.

ನಾನು ರಸ್ತೆಯ ಬದಿ ಕಾರಿನ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತೆ. ನೆತ್ತಿಯ ಮೇಲೆ ಹತ್ತು ಕಾರು ತುಂಬಿ ಚೆಲ್ಲುವಷ್ಟು ಬಿಸಿಲು. ಕಾರಿನೊಳಗೆ ಒಂದು ಹನಿಯಿಲ್ಲ! ರಶೀದ್ ಭಾಯಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಹಿಂದೇ ಹೊಂಟೀನಿ ಸರ್, ನನಗ ಗೊತ್ತಿತ್ತು" ಎಂದರು. ಬಂದು, ಟೆಂಪೊದ ಹಿಂದೆ ಹಗ್ಗ ಕಟ್ಟಿದರು.

"ಭಾಯಿ, ಹಿಂಗ ಎಳೀಬಾರದು ಅಂತ ಗಾಡಿ ಜೊತಿ ಕೊಟ್ಟ ಪುಸ್ತಕದಾಗ ಅದ" ಎಂದೆ.

"ಸರ್, ಕಿತಾಬು ಮನಿಗಿ ಹೋಗಿ ಓದ್ರಿ. ಅಲ್ಲಿ ಮಯ್ಯತ್ ಅದ, ಮಣ್ಣಿಗಿ ಹೊತ್ತಾಗ್ತದ."

ಹೀಗೆ ನನ್ನ ಮಡಿ ಗಾಡಿಯು ಡೀಸೆಲ್ ಹೊಗೆಯನ್ನು ಮುಖದ ತುಂಬ ಕುಡಿಯುತ್ತ ಕಮಲಾಪುರವನ್ನು ಪ್ರವೇಶಿಸಿತು. ಎದುರಿಗೆ, ಮಣ್ಣು ಮುಗಿಸಿದ ಜನ ತಲೆಯ ಮೇಲೆ ಟವೆಲ್ ಹಾಕಿಕೊಂಡು ಮನೆಯ ಕಡೆ ಬರುತ್ತಿದ್ದರು. ಟೆಂಪೊದ ಅಬ್ಬರಕ್ಕೆ ಬದಿಗೆ ಸರಿದು ನಿಂತರು. ಅವರಲ್ಲೊಬ್ಬ ಮುದುಕರು ಕಾರನ್ನು ದಿಟ್ಟಿಸಿ ನೋಡಿ, "ಗುರುಲಿಂಗಪ್ಪ ಹೇಳತಿದ್ದ ಗಾಡಿ ಇದೇ ಏನು? ಸಪ್ಪಳಿಲ್ಲ ಅಂದಿದ್ದನಲ್ಲ!" ಎಂದರು.

ಸುವರ್ಣಾ ಅಂಗಳದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕೈಗೆ ಮಣ್ಣು ಮೆತ್ತಿತ್ತು. ಹತ್ತಿರ ಹೋಗಿ, "ಮಾರಿ ನೋಡಿದಿ?" ಎಂದು ಕೇಳಿದೆ.

"ಮಣ್ಣು ನೋಡಿದೆ" ಎಂದಳು. ಕೈಗೆ ಮೆತ್ತಿದ್ದನ್ನು ಬೆರಳಿನಿಂದ ತಿಕ್ಕುತ್ತ, "ಇನ್ನಾ ಹಸೀ ಇತ್ತು" ಎಂದಳು.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಚಿಗವ್ವ ತಂಬಿಗೆಯಲ್ಲಿ ನೀರು ತಂದು ನನ್ನ ಮುಂದಿಟ್ಟು, "ಬಿಸಲಾಗ ಬಂದೀರಿ, ಕುಡೀರಿ" ಎಂದರು. ಆಮೇಲೆ ಹಗ್ಗದ ತುದಿಯಲ್ಲಿ ನಿಂತ ಕಾರಿನ ಕಡೆ ನೋಡಿ, "ಗಾಡಿ ಸೋತದೇನ್ರಿ? ಅಲ್ಲಿ ಹಚ್ಚರಿ" ಎಂದು ಕಟ್ಟೆಯ ಪಕ್ಕದ ಗೋಡೆ ತೋರಿಸಿದರು.

ಹಿಂದೆ ಕಾಕಾ ಲಾರಿ ನಿಲ್ಲಿಸುತ್ತಿದ್ದ ಜಾಗವದು. ಹಳೆಯ ಮಣ್ಣಿನ ಗೋಡೆಯಲ್ಲಿ ಹೊಸದಾಗಿ ಸಿಮೆಂಟು ಮೆತ್ತಿ, ದೊಡ್ಡದೊಂದು ಬಿಳಿಯ ಪವರ್ ಪ್ಲಗ್ಗು ಕೂಡಿಸಿದ್ದರು. ಮಳೆ ಬಡಿಯದಂತೆ ಮೇಲೊಂದು ತಗಡಿನ ತುಂಡು.

"ಹೋದ ತಿಂಗಳ ಕೂಡಿಸ್ಯಾರ. ನಿಮಗ ಹೇಳಬ್ಯಾಡ ಅಂದಿದ್ರು" ಎಂದರು ಚಿಗವ್ವ. "ಅಳಿಯಾರು ಸೂರ್ಯನ ಕರೆಂಟೇ ಬೇಕಂತಾರ, ಇದು ನೋಡಿದ್ರ ಬ್ಯಾಸರ ಮಾಡ್ಕೋತಾರ. ಅದಕ್ಕ, ಗಾಡಿ ಸೋತು ಬಂದ್ರ ಅಷ್ಟೇ ತೋರಸೂಣು ಅಂದ್ರು. ದಿನಾ ಮುಂಜಾನಿ ಬಂದು ಅರಿವಿಲೆ ಅದರ ಮ್ಯಾಲಿನ ಧೂಳಾ ಒರಸ್ತಿದ್ರು."

ಸುವರ್ಣಾ ಎದ್ದಳು. ಕಾರಿನ ಹಿಂದಿನಿಂದ ವೈರು ತೆಗೆದು, ಮಣ್ಣಿನ ಕೈಯಲ್ಲೇ ಒಂದು ತುದಿಯನ್ನು ಕಾರಿಗೆ, ಇನ್ನೊಂದನ್ನು ಕಾಕಾನ ಗೋಡೆಗೆ ಸಿಕ್ಕಿಸಿದಳು. ಹಸಿರು ದೀಪ ಹತ್ತಿತು. ಸಂಜೆಯವರೆಗೆ ನಾನು ಕಟ್ಟೆಯ ಮೇಲೆ ಕೂತು ಅದನ್ನೇ ನೋಡಿದೆ. ನನ್ನ ಪಕ್ಕದಲ್ಲಿ ಮುಂಜಾನೆಯ ಚಹಾದ ಕಪ್ಪು ಇನ್ನೂ ಹಾಗೇ ಇತ್ತು, ತೆಗೆದಿಡಲು ಯಾರಿಗೂ ಮನಸ್ಸು ಬಂದಿರಲಿಲ್ಲ.

ಹೊರಡುವಾಗ ಸುವರ್ಣಾ ಹಿಂದಿನ ಸೀಟಿನ ಬಾಗಿಲು ತೆರೆದಳು, ಯಾರನ್ನೋ ಹತ್ತಿಸುವಷ್ಟು ಹೊತ್ತು ಹಾಗೇ ನಿಂತಳು, ಮುಚ್ಚಿದಳು. ಮುಂದೆ ಬಂದು ಕೂತು, "ತ್ವಾಟದ ಕಡಿ ಹೊಳ್ಳಸ್ರಿ" ಎಂದಳು.

ಹೊಳ್ಳಿಸಿದೆ. ಬಾಳೆಗೊನೆಗಳು ಕೆಂಪಗೆ ತುಂಬಿ ನಿಂತಿದ್ದವು. ಕಾರು ತೋಟದ ಬದುವಿನ ಹಾದಿಯಲ್ಲಿ ಒಂದು ಚೂರೂ ಕುಲುಕದೆ, ಸಪ್ಪಳವಿಲ್ಲದೆ ಹೋಯಿತು. ಅಷ್ಟು ಚೆನ್ನಾಗಿ ಅದು ಹಿಂದೆಂದೂ ಓಡಿರಲಿಲ್ಲ. ಹೊಟ್ಟೆಯಲ್ಲಿದ್ದುದು ಸರ್ಕಾರಿ ಕರೆಂಟೆಂದು ಅದಕ್ಕೆ ಗೊತ್ತಾಗಲೇ ಇಲ್ಲ.

ನನಗೂ ಗೊತ್ತಾಗಲಿಲ್ಲ.